ಓಮ್ನಿಯ ಹಿಂದಿನ ಬುಷ್, ಮನೆಯ ಅಂಗಳದಲ್ಲೇ

ಅಡಿಕೆಗೆ ಮದ್ದು ಬಿಡಲಿಕ್ಕೆ ಇನ್ನೂ ಸ್ವಲ್ಪ ದಿನ ಉಂಟು. ಹಾಗಾಗಿ ಈ ಸಲ ತೋಟ ಬಿಟ್ಟು ಗಾಡಿ ಕೆಲಸದ ಬಗ್ಗೆ ಬರೆಯುತ್ತೇನೆ. ನಮ್ಮ ಸುತ್ತಮುತ್ತ ಓಮ್ನಿ ಇಟ್ಟುಕೊಂಡವರು ಈಗಲೂ ತುಂಬ ಜನ ಇದ್ದೀರಿ. ಕಂಪನಿಯವರು ಅದನ್ನು ಮಾಡುವುದು 2019ರಲ್ಲೇ ನಿಲ್ಲಿಸಿದರು, ನಮ್ಮ ತೋಟದ ರಸ್ತೆಯಲ್ಲಿ ಮಾತ್ರ ಅದು ನಿಂತಿಲ್ಲ.

ನಮ್ಮ ಮನೆಯಿಂದ ಡಾಮರು ರಸ್ತೆಗೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ, ನಡುವೆ ಒಂದು ಏರು. ಮಳೆ ಹಿಡಿದ ಮೇಲೆ ರಿಕ್ಷಾದವರು ಮೇಲೆ ಬರುವುದಿಲ್ಲ. ಅಪ್ಪನಿಗೆ ವಾರಕ್ಕೆ ಎರಡು ಸಲ ಪುತ್ತೂರಿಗೆ ಡಯಾಲಿಸಿಸ್‌ಗೆ ಹೋಗಲೇಬೇಕು. ಇವತ್ತು ಮಳೆ, ನಾಳೆ ನೋಡುವ ಅನ್ನುವ ಹಾಗಿಲ್ಲ. ಅವರು ಒರಗಿ ಕೂರುವುದು ಹಿಂದಿನ ಸೀಟಿನಲ್ಲಿ, ಹಿಂದಿನ ಆಕ್ಸಲ್‌ಗೆ ಹತ್ತಿರ. "ಅಲ್ಲಿ ಚುಚ್ಚುವ ಸೂಜಿ ಪರವಾಗಿಲ್ಲ ಮಾರಾಯ, ಈ ಗಾಡಿಯ ಕುಟ್ಟು ತಡೆಯಲಿಕ್ಕೆ ಆಗುವುದಿಲ್ಲ" ಅಂತ ಅವರು ಹೇಳಿದ ಮೇಲೆ ನಾನು ಗಾಡಿಯ ಅಡಿಗೆ ಮಲಗಿ ನೋಡಿದ್ದು.

ಶಬ್ದ ಹೇಗೆ ಅಂದರೆ, ನಿಧಾನ ಹೋಗುವಾಗ ಸಣ್ಣ ಗುಂಡಿಗೂ ಹಿಂದಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ ಕಟ್ ಕಟ್. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಬಾಲ ಒಂದು ಬದಿಗೆ ಎಳೆದ ಹಾಗೆ. ಶಾಕ್ ಅಬ್ಸಾರ್ಬರ್ ಹೋಗಿದ್ದರೆ ಗುಂಡಿ ದಾಟಿದ ಮೇಲೂ ಗಾಡಿ ಮೇಲೆ ಕೆಳಗೆ ತೇಲುತ್ತದೆ, ನಮ್ಮದರಲ್ಲಿ ಹಾಗೆ ಇರಲಿಲ್ಲ. ಅಣ್ಣನ ಮಗನನ್ನು ಕರೆದು ಹಿಂದಿನಿಂದ ಗಾಡಿಯನ್ನು ಅಡ್ಡಕ್ಕೆ ಅಲ್ಲಾಡಿಸಲಿಕ್ಕೆ ಹೇಳಿದೆ. ಟಾರ್ಚ್ ಹಿಡಿದು ನೋಡಿದರೆ ಶಾಕಲ್‌ನ ಪಿನ್ನು ರಬ್ಬರಿನ ನಡುವೆ ಇಲ್ಲ, ಒಂದು ಬದಿಗೆ ಕೂತಿದೆ. ಸಣ್ಣ ಹಾರೆಯಿಂದ ಮೀಟಿದರೆ ಪ್ಲೇಟು ಪೂರ್ತಿ ಜಗ್ಗುತ್ತದೆ. ಅಲ್ಲಿಗೆ ರೋಗ ಯಾವುದೆಂದು ಗೊತ್ತಾಯಿತು.

ಓಮ್ನಿಯ ಹಿಂದೆ ಇರುವುದು ಲೀಫ್ ಸ್ಪ್ರಿಂಗ್, ನಾವು ಪ್ಲೇಟ್ ಸೆಟ್ ಅನ್ನುವುದು. ಅದಕ್ಕೆ ಎರಡು ಕೆಲಸ. ಭಾರ ಹೊರುವುದು ಒಂದು, ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿಡುವುದು ಇನ್ನೊಂದು. ಭಾರ ಬಿದ್ದಾಗ ಬಾಗಿದ ಪ್ಲೇಟು ನೇರವಾಗಿ ಸ್ವಲ್ಪ ಉದ್ದ ಆಗುತ್ತದೆ. ಆ ಉದ್ದಕ್ಕೆ ಜಾಗ ಕೊಡಲಿಕ್ಕೆ ಹಿಂದಿನ ತುದಿಯಲ್ಲಿ ತೂಗುವ ಶಾಕಲ್ ಇಟ್ಟಿದ್ದಾರೆ. ಮುಂದಿನ ತುದಿ ಚಾಸಿಗೆ ಕಟ್ಟಿಕೊಂಡೇ ಇರುತ್ತದೆ. ಈ ತುದಿಗಳ ಕಣ್ಣಿನೊಳಗೆ ಕೂತು ತಿರುಚಿಕೊಳ್ಳುವುದು ರಬ್ಬರ್ ಬುಷ್. ಅದು ಸವೆದರೆ ಶಬ್ದ ಮಾತ್ರ ಅಲ್ಲ, ಆಕ್ಸಲ್ಲೇ ಹಿಂದೆ ಮುಂದೆ ಸರಿಯುತ್ತದೆ. ಒದ್ದೆ ಜಂಬಿಟ್ಟಿಗೆ ಮಣ್ಣಿನ ಇಳಿಜಾರಿನಲ್ಲಿ ಇದು ತಮಾಷೆಯ ವಿಷಯ ಅಲ್ಲ.

ರಬ್ಬರ್ ನಮಗೆ ಹೊಸತೇನಲ್ಲ. ಹಾಲಿಗೆ ಫಾರ್ಮಿಕ್ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಶೀಟ್ ಒತ್ತಿ, ಹೊಗೆಮನೆಯಲ್ಲಿ ಒಣಗಿಸುವವರು ನಾವೇ. ಅದಕ್ಕೆ ಗಂಧಕ ಸೇರಿಸಿ ಬಿಸಿ ಮಾಡಿದರೆ ಗಟ್ಟಿಯಾಗಿ ಬಾಳುತ್ತದೆ ಅಂತ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಕಪ್ಪು ಬಣ್ಣ ಬರುವುದು ಕಾರ್ಬನ್ ಬ್ಲಾಕ್‌ನಿಂದ, ಅದು ಸವೆತ ತಡೆಯುತ್ತದೆ. ಇಷ್ಟೆಲ್ಲ ಮಾಡಿದರೂ ಹುಟ್ಟುಗುಣ ಹೋಗುವುದಿಲ್ಲ. ಒಂದು ತುಂಡು ಶೀಟನ್ನು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ಇಟ್ಟು ನೋಡಿ, ಉಬ್ಬಿ ಮೆತ್ತಗಾಗಿರುತ್ತದೆ. ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯಬಾರದು ಅಂತ ಗಾಡಿಯ ಅಡಿಗೆಲ್ಲ ವೇಸ್ಟ್ ಆಯಿಲ್ ಹೊಡೆಸುವ ಅಭ್ಯಾಸ ನಮ್ಮಲ್ಲಿ ಉಂಟಲ್ಲ, ಆ ಎಣ್ಣೆ ಬುಷ್‌ಗೂ ಹೋಗುತ್ತದೆ. ಕಬ್ಬಿಣ ಉಳಿಸಲಿಕ್ಕೆ ಹೋಗಿ ರಬ್ಬರ್ ಕಳೆದುಕೊಳ್ಳುವ ಲೆಕ್ಕ.

ಕೆಲಸಕ್ಕೆ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಒಳ್ಳೆಯದು. ಮಣ್ಣಿನ ಮೇಲೆ ಜಾಕ್ ಇಡಬೇಡಿ. ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಓಮ್ನಿಯಲ್ಲಿ ಇಂಜಿನ್ ತಿರುಗಿಸುವುದು ಹಿಂದಿನ ಚಕ್ರ, ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರವನ್ನೇ. ಹಿಂದೆ ಎತ್ತಿದ ಮೇಲೆ ಗೇರ್ ಹಾಕಿದ್ದೇನೆ, ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ ಅನ್ನುವ ಧೈರ್ಯಕ್ಕೆ ಅರ್ಥ ಇಲ್ಲ. ಗಾಡಿಯನ್ನು ಹಿಡಿಯುವುದು ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಕೊಟ್ಟ ಅಡೆ ಮಾತ್ರ. ನಾನು ಮರದ ದಪ್ಪ ತುಂಡುಗಳನ್ನು ಬೆಣೆ ಆಕಾರಕ್ಕೆ ಕತ್ತರಿಸಿ ಕೊಟ್ಟೆ. ಜಾಕ್ ಎತ್ತಲಿಕ್ಕೆ, ನಿಲ್ಲಿಸಲಿಕ್ಕೆ ಅಲ್ಲ. ಚಾಸಿಯ ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಬೇಕೇ ಬೇಕು. ಕೆಂಪು ಕಲ್ಲು, ಸಿಮೆಂಟ್ ಬ್ಲಾಕ್ ಜೋಡಿಸಬೇಡಿ, ಅವು ಹೇಳದೆ ಕೇಳದೆ ಒಡೆಯುತ್ತವೆ.

ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ನಟ್ಟುಗಳಿಗೆ ಹೊಡೆದಿಟ್ಟೆ. ಬೆಳಿಗ್ಗೆ ಗಾಡಿ ನೆಲದ ಮೇಲಿರುವಾಗಲೇ ನಟ್ಟು ಒಂದು ಸುತ್ತು ಸಡಿಲ ಮಾಡಿ, ಆಮೇಲೆ ಎತ್ತಿದೆ. ಆಕ್ಸಲ್ ಅಡಿಗೆ ಇನ್ನೊಂದು ಜಾಕ್ ಕೊಟ್ಟು, ಪ್ಲೇಟು ಜೋತು ಬೀಳದ ಹಾಗೆ, ಒತ್ತಿಕೊಳ್ಳದ ಹಾಗೆ ಹಿಡಿಸಿದೆ. ಒಂದು ಸಲಕ್ಕೆ ಒಂದೇ ಬದಿ, ಒಂದೇ ತುದಿ. ಎರಡೂ ಬಿಚ್ಚಿದರೆ ಆಕ್ಸಲ್ ಸರಿದು ಮತ್ತೆ ಕೂರಿಸಲಿಕ್ಕೆ ಹರಸಾಹಸ. ನಮ್ಮ ಗಾಡಿಯಲ್ಲಿ ಶಾಕಲ್ ಬುಷ್ ಎರಡು ತುಂಡಿನದು, ಆಚೆಯಿಂದ ಒಂದು ಈಚೆಯಿಂದ ಒಂದು, ಕೈಯಲ್ಲೇ ಒತ್ತಿ ಕೂರಿಸಬಹುದು. ಹಳೆಯದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ಅಳತೆ ನೋಡಿಯೇ ತನ್ನಿ. ಕಣ್ಣಿನ ಒಳಗಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಹೊಸ ಬುಷ್‌ಗೆ ಸೋಪಿನ ನೀರು ಹಚ್ಚಿ ಹಾಕಿದೆ. ಗ್ರೀಸ್ ಬೇಡ, ಕಾರಣ ಮೇಲೆ ಹೇಳಿ ಆಯಿತು.

ಇನ್ನು ಕೊನೆಯ ಬಿಗಿ. ಗಾಡಿ ಎತ್ತಿರುವಾಗ ನಟ್ಟು ಪೂರ್ತಿ ಬಿಗಿಯಬೇಡಿ. ಆಗ ಬಿಗಿದರೆ ರಬ್ಬರ್ ಆ ಜೋತಾಡುವ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಕೆಳಗೆ ಇಳಿಸಿದ ಕೂಡಲೇ ತಿರುಚಿಕೊಂಡು ಹಾಗೇ ಉಳಿಯುತ್ತದೆ. ಇಂಥ ಬುಷ್ ಬೇಗ ಹರಿಯುತ್ತದೆ. ಚಕ್ರ ಹಾಕಿ, ನೆಲಕ್ಕೆ ಇಳಿಸಿ, ಹಿಂದೆ ನಾಲ್ಕು ಸಲ ಒತ್ತಿ ಬಿಟ್ಟು, ಭಾರ ಚಕ್ರದ ಮೇಲೆ ಇರುವಾಗಲೇ ಬಿಗಿಯಿರಿ. ಒಂದು ವಾರ ಓಡಿಸಿದ ಮೇಲೆ ಇನ್ನೊಮ್ಮೆ ಪಾನ ಹಾಕಿ ನೋಡಿ.

ಎರಡೂ ಬದಿಗೆ ನಮಗೆ ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಹಿಡಿಯಿತು. ಸಾಮಾನಿಗೆ ಒಂದು ಕೆಜಿ ಚಾಲಿ ಅಡಿಕೆಯ ದುಡ್ಡೂ ಆಗಲಿಲ್ಲ. ಎಲ್ಲವನ್ನೂ ಮನೆಯಲ್ಲೇ ಮಾಡಿ ಅಂತ ಹೇಳುವುದಿಲ್ಲ. ಪ್ಲೇಟು ತುಂಡಾಗಿದ್ದರೆ, ಚಾಸಿಯ ಬ್ರಾಕೆಟ್ ತುಕ್ಕು ತಿಂದು ತೆಳ್ಳಗಾಗಿದ್ದರೆ ವೆಲ್ಡಿಂಗ್ ಬಲ್ಲವರ ಹತ್ತಿರವೇ ಹೋಗಿ. ಪ್ರೆಸ್ಸಿನಲ್ಲಿ ಒತ್ತಿ ಕೂರಿಸುವ ಬುಷ್ ಇದ್ದರೆ ಸುತ್ತಿಗೆಯಲ್ಲಿ ಬಡಿಯಲಿಕ್ಕೆ ಹೋಗಬೇಡಿ, ಪ್ರೆಸ್ ಇದ್ದಲ್ಲಿಗೆ ಕೊಡಿ.

ಈಗ ಕಟ್ ಕಟ್ ಇಲ್ಲ, ಇಳಿಜಾರಿನಲ್ಲಿ ಬಾಲ ಎಳೆಯುವುದೂ ಇಲ್ಲ. ಗುಂಡಿ ಇದ್ದಲ್ಲಿ ಗಾಡಿ ಹಾರುತ್ತದೆ, ಅದಕ್ಕೆ ರಸ್ತೆಯೇ ಸರಿಯಾಗಬೇಕು. ಮೊನ್ನೆ ಪುತ್ತೂರಿನಿಂದ ಬರುವಾಗ ಏರು ಹತ್ತಿ ಮುಗಿಯುವವರೆಗೂ ಅಪ್ಪ ಮಾತಾಡಲಿಲ್ಲ. ತಿರುಗಿ ನೋಡಿದರೆ ನಿದ್ದೆ.

ನನ್ನ ಹತ್ತಿರ ಸ್ಟ್ಯಾಂಡ್ ಒಂದು ಜೋಡಿ ಉಂಟು, ಅಡೆಯ ಮರವೂ ಉಂಟು. ಹತ್ತಿರದವರು ಬೇಕಾದರೆ ತೆಗೆದುಕೊಂಡು ಹೋಗಿ. ಮಂಗಳವಾರ, ಶುಕ್ರವಾರ ಬಿಟ್ಟು ಬನ್ನಿ, ಆ ಎರಡು ದಿನ ನಾವು ಮನೆಯಲ್ಲಿ ಇರುವುದಿಲ್ಲ.