ಶಾಸನಕ್ಕೆ ಏರದ ದಾನ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಅಡ್ಡಾಡಿದವರಿಗೆ ದಾನದ ಇತಿಹಾಸವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿಯೂ ಮಾನಸ್ತಂಭವೂ ಇವೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಚೆಲುವನಾರಾಯಣನ ಸನ್ನಿಧಿಯಿದೆ. ಶ್ರೀರಂಗಪಟ್ಟಣದಲ್ಲಿ ರಂಗನಾಥನ ಗುಡಿ, ಆದಿನಾಥ ಬಸದಿ, ಜಾಮಿಯಾ ಮಸೀದಿ ಮೂರೂ ಒಂದೇ ಊರಿನ ಗಾಳಿಯನ್ನು ಹಂಚಿಕೊಂಡಿವೆ. ಇಂಥ ನೆಲೆಗಳೆಲ್ಲ ದತ್ತಿಗಳಿಂದ ಬದುಕಿದವು. ಯಾರು ಕೊಟ್ಟರು, ಎಷ್ಟು ಗದ್ದೆ ಕೊಟ್ಟರು, ಅದರ ಎಲ್ಲೆ ಎಲ್ಲಿಯದು, ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಯಾವ ಪಾಪ ತಟ್ಟುತ್ತದೆ ಎಂಬುದನ್ನು ಈ ನಾಡಿನ ಶಾಸನಗಳು ಬಹು ಎಚ್ಚರದಿಂದ ದಾಖಲಿಸಿವೆ.

ಆದರೆ ಪಕ್ಕದ ಮನೆಯವಳು ಕೇಳಿದ ಹಿಡಿ ಉಪ್ಪನ್ನು ಕೊಟ್ಟವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಹೆಪ್ಪಿಗೆ ಬೇಕಾದ ಮಜ್ಜಿಗೆ, ಒಲೆ ಹೊತ್ತಿಸಲು ಒಂದು ಕೆಂಡ, ಒಂದು ದಿನದ ಮಟ್ಟಿಗೆ ಗುದ್ದಲಿ, ಮದುವೆಯ ಮನೆಗೆ ದೊಡ್ಡ ಕೊಪ್ಪರಿಗೆ: ಇವು ದಾನವೆಂದು ಕರೆಸಿಕೊಳ್ಳದ ದಾನಗಳು. ಇಸ್ಲಾಮಿನ ನೀತಿಬೋಧೆಯನ್ನು ಅರಿಯಲು ಹೊರಡುವವರು ಅರಸರ ದತ್ತಿಗಳಿಂದಲ್ಲ, ಈ ಹಿಡಿ ಉಪ್ಪಿನಿಂದ ಆರಂಭಿಸುವುದು ಸೂಕ್ತ. ಏಕೆಂದರೆ ಕುರ್‌ಆನಿನ ಒಂದು ಅಧ್ಯಾಯಕ್ಕೆ ಇಂಥ ಸಣ್ಣ ಉಪಕಾರದ ಹೆಸರೇ ಇದೆ.

107ನೆಯ ಆ ಅಧ್ಯಾಯದ ಹೆಸರು ‘ಮಾಊನ್’. ಅದರಲ್ಲಿರುವುದು ಏಳೇ ವಾಕ್ಯಗಳು. ಅಂತಿಮ ನ್ಯಾಯವನ್ನು ಅಲ್ಲಗಳೆಯುವವನು ಯಾರೆಂಬ ಪ್ರಶ್ನೆಯೊಡನೆ ಅದು ತೊಡಗುತ್ತದೆ. ಅನಾಥನನ್ನು ದೂಡುವವನು, ಬಡವನಿಗೆ ಉಣಿಸುವಂತೆ ಇತರರನ್ನು ಪ್ರೇರೇಪಿಸದವನು ಎಂಬುದು ಅದರ ಉತ್ತರ. ಅನಂತರ ಅದು ನಮಾಜು ಮಾಡುವವರ ಕಡೆಗೇ ತಿರುಗುತ್ತದೆ. ಪ್ರಾರ್ಥನೆಯಲ್ಲಿ ಮೈಮರೆತವರನ್ನು, ಪರರು ಕಾಣಲೆಂದು ಆಚರಿಸುವವರನ್ನು, ನಿತ್ಯಬಳಕೆಯ ವಸ್ತುವನ್ನು ಕೊಡಲು ಹಿಂಜರಿಯುವವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಎಚ್ಚರಿಸುತ್ತದೆ. ‘ಮಾಊನ್’ ಎಂದರೆ ಜಕಾತ್ ಎಂದು ಕೆಲವು ವ್ಯಾಖ್ಯಾನಕಾರರು ಅರ್ಥೈಸಿದ್ದಾರೆ. ಪಾತ್ರೆ, ಕೊಡಲಿ, ಕೊಡ ಮುಂತಾಗಿ ನೆರೆಯವರು ಎರವಲು ಕೇಳುವ ಸಾಮಾನುಗಳೆಂದು ಇನ್ನು ಕೆಲವರು ಹೇಳಿದ್ದಾರೆ. ಎರಡನೆಯ ಅರ್ಥವನ್ನು ಹಿಡಿದರೆ, ಎರವಲು ಕೊಡಲೊಲ್ಲದ ಮನೆಯ ಪ್ರಾರ್ಥನೆಯೂ ಸಂಶಯಕ್ಕೆ ಒಳಗಾಗುತ್ತದೆ. ಆರಾಧನೆಗೂ ನೆರೆಹೊರೆಗೂ ನಡುವೆ ಗೋಡೆಯಿಲ್ಲವೆಂಬುದನ್ನು ಇದಕ್ಕಿಂತ ನಿಷ್ಠುರವಾಗಿ ಹೇಳುವುದು ಕಷ್ಟ.

ಸಣ್ಣದನ್ನು ಹೀಗೆ ದೊಡ್ಡದಾಗಿ ಕಾಣುವ ದೃಷ್ಟಿ ಹದೀಸುಗಳಲ್ಲಿಯೂ ವ್ಯಾಪಕವಾಗಿದೆ. ದಾರಿಯ ಮುಳ್ಳನ್ನು ತೆಗೆದುಹಾಕುವುದು, ಎದುರಾದವನನ್ನು ನಗುಮೊಗದಿಂದ ಕಾಣುವುದು, ಒಳ್ಳೆಯ ಮಾತಾಡುವುದು ಇವೆಲ್ಲ ‘ಸದಕಾ’ ಅಥವಾ ದಾನವೇ ಎಂದು ಪ್ರವಾದಿ ಮುಹಮ್ಮದರು ಬೋಧಿಸಿದರೆಂದು ಅವು ಹೇಳುತ್ತವೆ. ಹಣವಿಲ್ಲದವನು ದಾನದ ಪುಣ್ಯದಿಂದ ಹೊರಗುಳಿಯಬಾರದೆಂಬ ಕಾಳಜಿ ಇದರ ಹಿಂದಿದೆ.

ಹಣವುಳ್ಳವನಿಗಾದರೋ ಲೆಕ್ಕ ನಿಶ್ಚಿತ. ನಿಗದಿತ ಪ್ರಮಾಣವನ್ನು ಮೀರಿದ ಸಂಪತ್ತು ಒಂದು ಚಾಂದ್ರವರ್ಷ ಕೈಯಲ್ಲಿ ಉಳಿದರೆ ಅದರ ನಲವತ್ತರಲ್ಲೊಂದು ಭಾಗ, ಎಂದರೆ ನೂರಕ್ಕೆ 2.5ರಷ್ಟು, ಜಕಾತ್ ಆಗಿ ಸಲ್ಲಬೇಕು. ಬೆಳೆಯ ವಿಷಯದಲ್ಲಿ ಲೆಕ್ಕ ಬೇರೆ, ಮತ್ತು ಮಂಡ್ಯದ ರೈತನಿಗೆ ಅದು ಸುಲಭವಾಗಿ ತಿಳಿಯುವಂಥದು. ಮಳೆ, ಊಟೆಗಳಿಂದ ತಾನಾಗಿ ನೀರುಂಡ ಹೊಲದ ಫಸಲಿನಲ್ಲಿ ಹತ್ತರಲ್ಲೊಂದು ಪಾಲು. ಬಾವಿಯಿಂದ ಎತ್ತಿ, ದುಡಿದು ನೀರುಣಿಸಿದ ಹೊಲದಲ್ಲಿ ಇಪ್ಪತ್ತರಲ್ಲೊಂದು. ನಾಗಮಂಗಲದ ಕಡೆ ಮಳೆಯನ್ನೇ ನೆಚ್ಚಿದ ರಾಗಿಯ ಹೊಲಕ್ಕೂ, ಅದರ ಪಕ್ಕದಲ್ಲೇ ಕೊಳವೆಬಾವಿಯಿಂದ ನೀರು ಪಡೆದ ಹೊಲಕ್ಕೂ ಈ ಶಾಸ್ತ್ರ ಒಂದೇ ತೆರಿಗೆಯನ್ನು ಹೇರುವುದಿಲ್ಲ. ಕನ್ನಂಬಾಡಿಯ ನಾಲೆಯಿಂದ ನೀರುಣ್ಣುವ ಪಾಂಡವಪುರದ ಗದ್ದೆ, ಹೇಮಾವತಿಯ ಅಣೆಕಟ್ಟೆಗಳನ್ನು ನಂಬಿದ ಕೃಷ್ಣರಾಜಪೇಟೆಯ ಗದ್ದೆ ಯಾವ ವರ್ಗಕ್ಕೆ ಸೇರುತ್ತವೆ ಎಂಬುದನ್ನು ನೀರಿಗಾಗಿ ತೆತ್ತ ಖರ್ಚು ಮತ್ತು ಪಟ್ಟ ಶ್ರಮ ನೋಡಿ ಧರ್ಮಶಾಸ್ತ್ರಜ್ಞರು ನಿರ್ಣಯಿಸಬೇಕಾಗುತ್ತದೆ. ಇಲ್ಲಿಯ ತತ್ತ್ವ ಮಾತ್ರ ಸ್ಪಷ್ಟ: ಎಲ್ಲಿ ಮನುಷ್ಯನ ಬೆವರು ಹೆಚ್ಚೋ ಅಲ್ಲಿ ಕೊಡಬೇಕಾದ ಪಾಲು ಕಡಿಮೆ. ಔದಾರ್ಯವನ್ನು ಕೇಳುವ ಶಾಸ್ತ್ರವೇ ಕೊಡುವವನ ದುಡಿಮೆಗೂ ಮರ್ಯಾದೆ ಸಲ್ಲಿಸುತ್ತದೆ.

ಜೈನ ಪರಂಪರೆಯ ದಾನವಿಚಾರವನ್ನು ಬಲ್ಲ ವಿದ್ಯಾರ್ಥಿಗೆ ಇಲ್ಲಿ ಹೋಲಿಕೆ ತಾನಾಗಿ ತೋರುತ್ತದೆ. ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ಭಿನ್ನವಾಗುತ್ತದೆಂದು ತತ್ತ್ವಾರ್ಥಸೂತ್ರ ನಿರೂಪಿಸುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಕನ್ನಡ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಪರಿಚಿತವಾದವು. ಇಸ್ಲಾಮಿನಲ್ಲಿಯೂ ಪಾತ್ರವಿವೇಚನೆಯಿದೆ. ಕುರ್‌ಆನಿನ 9ನೆಯ ಅಧ್ಯಾಯವು ಜಕಾತಿಗೆ ಅರ್ಹರಾದ ಎಂಟು ವರ್ಗಗಳನ್ನು ಎಣಿಸುತ್ತದೆ. ಬಡವರು, ನಿರ್ಗತಿಕರು, ಸಾಲದಲ್ಲಿ ಮುಳುಗಿದವರು, ಬಂಧನದಿಂದ ಬಿಡುಗಡೆ ಬೇಕಾದವರು, ದಾರಿಯಲ್ಲಿ ದಿಕ್ಕಿಲ್ಲದೆ ಉಳಿದ ಪ್ರಯಾಣಿಕರು ಅವರಲ್ಲಿ ಸೇರುತ್ತಾರೆ.

ವ್ಯತ್ಯಾಸವೂ ಅಷ್ಟೇ ಮುಖ್ಯವಾದುದು. ಜೈನ ದೃಷ್ಟಿಯಲ್ಲಿ ದಾನವು ಮೊದಲಿಗೆ ದಾತೃವಿನ ಲೋಭವನ್ನು ಕರಗಿಸುತ್ತದೆ. ಪರಿಗ್ರಹದ ಭಾರ ಇಳಿಯುತ್ತದೆ. ಪಾತ್ರದಾನದ ಶ್ರೇಷ್ಠ ನೆಲೆಯಲ್ಲಿ ಮುನಿಗಳಿದ್ದಾರೆ. ದುಃಖಿತ ಜೀವಿಗಳಿಗೆ ಸಲ್ಲುವುದನ್ನು ಜಿನಸೇನಾಚಾರ್ಯರ ಆದಿಪುರಾಣವು ದಯಾದತ್ತಿ ಎಂದು ಪ್ರತ್ಯೇಕವಾಗಿ ಗುರುತಿಸುತ್ತದೆ. ಇಸ್ಲಾಮಿನಲ್ಲಿ ಉಳ್ಳವನ ಸೊತ್ತಿನೊಳಗೆ ಕೇಳಿ ಬಂದವನಿಗೂ ಕೇಳಲಾರದವನಿಗೂ ‘ಹಕ್ಕು’ ಮೊದಲೇ ಸೇರಿಕೊಂಡಿದೆ. ಅಲ್ಲಿ ಜಕಾತ್ ಕೊಟ್ಟವನು ಉದಾರಿಯಲ್ಲ, ಋಣ ತೀರಿಸಿದವನು. ಒಂದು ದರ್ಶನ ಕೊಡುವವನ ಕೈಯನ್ನು ಬಿಡಿಸಲು ನೋಡಿದರೆ ಇನ್ನೊಂದು ಪಡೆಯುವವನ ತಲೆಯನ್ನು ಎತ್ತಿಸಲು ನೋಡುತ್ತದೆ. ಇವೆರಡನ್ನೂ ಒಂದೇ ಎಂದು ಕರೆದುಬಿಡುವುದು ಸೌಹಾರ್ದವಲ್ಲ, ಓದಿನ ಸೋಮಾರಿತನ.

ಭಿನ್ನತೆ ತೀವ್ರವಾಗುವ ಸ್ಥಳ ಬಕ್ರೀದಿನ ಬಲಿ. ಮಾಂಸದಲ್ಲಿ ಬಡವರಿಗೂ ಬಂಧುಗಳಿಗೂ ಪಾಲು ಹಂಚುವ ಪದ್ಧತಿಯನ್ನು ಎಷ್ಟೇ ಗೌರವಿಸಿದರೂ, ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ಆ ವಧೆ ಒಪ್ಪಿತವಾಗದು. ಅದನ್ನು ಮರೆಮಾಚುವ ಅಗತ್ಯವೂ ಇಲ್ಲ. ಆದರೆ ಬಾಯಾರಿದ ನಾಯಿಗೆ ಬಾವಿಯಿಂದ ನೀರು ಮೊಗೆದು ಕುಡಿಸಿದ್ದಕ್ಕಾಗಿ ಪಾಪ ಕ್ಷಮಿಸಲ್ಪಟ್ಟವರ ಕಥೆಯೂ, ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದವಳು ನರಕಕ್ಕೆ ಗುರಿಯಾದ ಕಥೆಯೂ ಅದೇ ಹದೀಸು ಪರಂಪರೆಯವು. ಒಪ್ಪದಿರುವುದನ್ನು ಒಪ್ಪದೆಯೇ, ಜೀವದಯೆಯ ಈ ಸಾಕ್ಷ್ಯವನ್ನು ಮನ್ನಿಸುವುದು ಅನೇಕಾಂತದೃಷ್ಟಿಗೆ ತಕ್ಕ ನಡೆ.

ಇಷ್ಟಾದರೂ ಶ್ರೀರಂಗಪಟ್ಟಣದ ಹೆಸರು ಬಂದೊಡನೆ ಮಾತು ಟಿಪ್ಪು ಸುಲ್ತಾನನ ಕಡೆಗೆ ಹೊರಳದೆ ಇರದು. ರಂಗನಾಥನ ಗುಡಿಗೆ ಅವನು ಬೆಳ್ಳಿಯ ಪಾತ್ರೆಗಳನ್ನು ಒಪ್ಪಿಸಿದ್ದಾನೆ. 1791ರಲ್ಲಿ ಮರಾಠಾ ಸೈನ್ಯದ ದಾಳಿಯಿಂದ ನೊಂದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿ ಶಾರದೆಯ ಪುನಃಪ್ರತಿಷ್ಠೆಗೆ ಒದಗಿದ್ದಾನೆ. ಅವನು ಆ ಮಠಕ್ಕೆ ಬರೆಯಿಸಿದ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ‘ಕರ್ಣಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು. ಇತ್ತ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರ್ ಮನೆತನಗಳು ಅದೇ ಅರಸನ ಆಳ್ವಿಕೆಯಲ್ಲಿ ತಮ್ಮ ಪೂರ್ವಿಕರು ಹತರಾದರೆಂದು ನೆನೆದು ನರಕ ಚತುರ್ದಶಿಯಂದು ಹಬ್ಬ ಆಚರಿಸುವುದಿಲ್ಲ. ಒಬ್ಬರು ಬೆಳ್ಳಿಯ ಪಾತ್ರೆಯನ್ನು ಎತ್ತಿ ತೋರಿಸುತ್ತಾರೆ, ಇನ್ನೊಬ್ಬರು ಹಚ್ಚದ ದೀಪವನ್ನು.

ಈ ವಾದಕ್ಕೆ ಇಸ್ಲಾಮಿನ ದಾನಶಾಸ್ತ್ರವೇ ಒಂದು ಉತ್ತರ ಕೊಡುತ್ತದೆ. ಕೊಟ್ಟದ್ದನ್ನು ಎತ್ತಿ ಆಡಿದರೆ, ಪಡೆದವನನ್ನು ನೋಯಿಸಿದರೆ ದಾನ ಕೆಡುತ್ತದೆಂದು ಕುರ್‌ಆನಿನ 2ನೆಯ ಅಧ್ಯಾಯ ಬೋಧಿಸುತ್ತದೆ. ಅಂಥ ದಾನವನ್ನು ಅದು ಬಂಡೆಯ ಮೇಲಿನ ತೆಳುಮಣ್ಣಿಗೆ ಹೋಲಿಸುತ್ತದೆ; ಜೋರು ಮಳೆ ಬಿದ್ದರೆ ಬರಿಯ ಬಂಡೆ ಉಳಿಯುತ್ತದೆ. ಹಾಗಿದ್ದ ಮೇಲೆ ಅರಸನ ದತ್ತಿಯನ್ನು ಇನ್ನೊಬ್ಬರ ನೋವಿನ ಬಾಯಿ ಮುಚ್ಚಿಸಲು ಬಳಸುವುದು ಆ ದತ್ತಿಗೇ ಮಾಡುವ ಅಪಚಾರ. ಹಾಗೆಯೇ ಒಬ್ಬ ಅರಸನ ಕತ್ತಿಯಿಂದ ಒಂದು ಧರ್ಮದ ನೀತಿಯನ್ನು ಅಳೆಯುವುದೂ ಸಲ್ಲದು. ಅರಸರು ರಾಜ್ಯಕ್ಕಾಗಿ ಕೊಟ್ಟದ್ದುಂಟು, ರಾಜ್ಯಕ್ಕಾಗಿಯೇ ಕೊಂದದ್ದೂ ಉಂಟು. ಆ ಧರ್ಮದ ನೀತಿ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ನೆರೆಮನೆಯ ಹೊಸ್ತಿಲಿನಲ್ಲಿ.

ಆ ಹೊಸ್ತಿಲು ಎಷ್ಟು ನಾಜೂಕಾದದ್ದು ಎಂಬುದು 2024ರ ಸೆಪ್ಟೆಂಬರಿನಲ್ಲಿ ತಿಳಿಯಿತು. ಗಣೇಶನ ಮೆರವಣಿಗೆಯ ಸಂದರ್ಭದಲ್ಲಿ ನಾಗಮಂಗಲ ಪಟ್ಟಣದಲ್ಲಿ ಗಲಭೆ ಹೊತ್ತಿಕೊಂಡು ಅಂಗಡಿಗಳು ಸುಟ್ಟುಹೋದವು. ತಪ್ಪು ಯಾರದೆಂಬುದನ್ನು ನ್ಯಾಯಾಲಯ ನಿರ್ಣಯಿಸಲಿ. ಆದರೆ ಅಂಗಡಿ ಎಂಬುದು ವ್ಯಾಪಾರದ ಸ್ಥಳವಷ್ಟೇ ಅಲ್ಲ. ಸಣ್ಣ ಊರಿನಲ್ಲಿ ಅದು ಕಡದ ಲೆಕ್ಕವಿರುವ, ಚಿಲ್ಲರೆಯಿಲ್ಲದಾಗ ‘ನಾಳೆ ಕೊಡಿ’ ಎನ್ನುವ, ಸಂಬಂಧಗಳ ಸ್ಥಳವೂ ಹೌದು. ಅದು ಸುಟ್ಟಾಗ ‘ಮಾಊನ್’ ಎಂಬ ಮಾತಿನ ಅರ್ಥವೇ ಬೆಂದಂತಾಗುತ್ತದೆ.

ನೆರೆಯವನು ಹಸಿದಿರುವಾಗ ತಾನು ಹೊಟ್ಟೆತುಂಬ ಉಂಡವನು ವಿಶ್ವಾಸಿಯಲ್ಲವೆಂದು ಹದೀಸು ಬೋಧಿಸುತ್ತದೆ. ಆ ನೆರೆಯವನು ಯಾವ ಮತದವನೆಂದು ಅದು ಕೇಳುವುದಿಲ್ಲ. ನಾಗಮಂಗಲದಿಂದ ಅನತಿದೂರದ ಕಂಬದಹಳ್ಳಿಯ ಬಸದಿಯಲ್ಲಿ ಶತಮಾನಗಳಿಂದ ಸ್ಮರಿಸಲ್ಪಡುತ್ತ ಬಂದ ಅಭಯದಾನಕ್ಕೂ ಆ ಪ್ರಶ್ನೆಯಿಲ್ಲ. ಹೆದರಿದವನ ಹೆದರಿಕೆ ಕಳೆಯುವುದೇ ಅಭಯ. ಸುಟ್ಟ ಬೀದಿಯಲ್ಲಿ ಮತ್ತೆ ಬಾಗಿಲು ತೆರೆದ ಅಂಗಡಿಗೆ ಪಕ್ಕದವನು ಮೊದಲ ಗಿರಾಕಿಯಾಗಿ ಹೋಗುವುದಾದರೆ, ಎರಡು ಶಾಸ್ತ್ರಗಳೂ ಕೇಳಿದ ದಾನ ಅಲ್ಲಿಯೇ ಸಲ್ಲುತ್ತದೆ. ಅದನ್ನು ಕೆತ್ತಲು ಕಲ್ಲು ಬೇಕಾಗಿಲ್ಲ.