ಹತ್ತಿರದ ಬಸದಿ, ದೂರದ ಗೋಪುರ

ನೆದರ್‌ಲೆಂಡ್ಸ್‌ನಲ್ಲಿ ಕೆಲಸಕ್ಕಿರುವ ನಮ್ಮ ಮಿಜಾರಿನ ಹುಡುಗನೊಬ್ಬ ಉಟ್ರೆಕ್ಟ್ ಎಂಬ ಹಳೇ ಊರಿನ ಡೋಮ್ ಗೋಪುರದ ಫೋಟೊ ಕಳಿಸಿದ್ದ. 112 ಮೀಟರ್ ಎತ್ತರ, ಕಟ್ಟಿ ಮುಗಿದದ್ದು 1382ರಲ್ಲಿ. ಅಮ್ಮನಿಗೆ ತೋರಿಸಿದೆ.

"ಅಷ್ಟು ಹಳೇದು ನಮ್ಮಲ್ಲಿ ಉಂಟಾ?"

"ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು."

"ನಮ್ಮನ್ನೆಲ್ಲ ಒಳಗೆ ಬಿಡ್ತಾರಾ?"

ನನಗೆ ನಾಚಿಕೆಯಾಯಿತು. ಬೀಡಿ ಕಟ್ಟಿ ನನ್ನನ್ನು ಓದಿಸಿದವರು, ಸಾಮಾನಿಗೂ ಮದ್ದಿಗೂ ಎಷ್ಟೋ ಸಲ ಮೂಡುಬಿದಿರೆಗೆ ಹೋದವರು. ಬಸದಿಯ ಬಾಗಿಲು ದಾಟಿರಲಿಲ್ಲ. ಅಲ್ಲಿನ ಸುದ್ದಿ ಬರೆಯುವ ನಾನೂ ಒಮ್ಮೆ ಕರೆದಿರಲಿಲ್ಲ.

ಮರುದಿನವೇ ಹೋದೆವು. ಯಾರೂ ತಡೆಯಲಿಲ್ಲ.

ನೀವೂ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. ಬೆಳಿಗ್ಗೆಯೇ ಹೊರಡಿ, ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಅಂಗಳದ ಕಲ್ಲು ಕಾಲು ಸುಡುತ್ತದೆ. ಮೊದಲು ಎದುರಿನ ಮಾನಸ್ತಂಭ ನೋಡಿ. ಒಳಗೆ ಒಂದು ಕಂಬದ ಕೆತ್ತನೆ ಇನ್ನೊಂದಕ್ಕಿಲ್ಲ ಎನ್ನುತ್ತಾರೆ, ಅವಸರ ಬೇಡ. ತಲೆಯೆತ್ತಿದರೆ ನಮ್ಮ ಮನೆಗಳಂತೆಯೇ ಮಳೆಗಾಗಿ ಇಳಿಜಾರು ಮಾಡು.

ಆಮೇಲೆ ಗುರುಬಸದಿ. ಧವಲಾ ಗ್ರಂಥದ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದದ್ದು ಮೂಡುಬಿದಿರೆಯಲ್ಲೇ. ಚೌಟರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾಗಿದ್ದಾರೆ. ಅದು ಜನ ವಾಸವಿರುವ ಮನೆ. ಕೇಳಿಯೇ ಒಳಗೆ ಹೋಗಿ.

ಅಮ್ಮ ಬಸದಿಯ ಜಗಲಿಯಲ್ಲಿ ಕೂತು ಹೇಳಿದರು: "ಫೋಟೊ ತೆಗಿ ಮಗಾ. ಆ ಹುಡುಗನಿಗೆ ಕಳಿಸು."