ಧೂಳನ್ನು ನುಂಗುವ ಕಾವಲುಗಾರರು

'ರೋಗನಿರೋಧಕ ಶಕ್ತಿ' ಎಂಬ ಮಾತು ಈಚೆಗೆ ಕಷಾಯದ ಪೊಟ್ಟಣಗಳ ಮೇಲೂ ಅಚ್ಚಾಗುತ್ತಿದೆ. ಕುಡಿದೊಡನೆ ಏರುವ ಬಲವೊಂದು ಅದೆಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಭಾವಿಸಿದಂತಿದೆ. ಆದುದರಿಂದ ಹಳೆಯ ಪಾಠವನ್ನು ಇನ್ನೊಮ್ಮೆ ಹೇಳುತ್ತೇನೆ.

ನಮ್ಮ ದೇಹಕ್ಕೆ ಎರಡು ಬಗೆಯ ರಕ್ಷಣೆ ಉಂಟು. ಮೊದಲನೆಯದು ಹುಟ್ಟಿನಿಂದ ಬಂದುದು. ಚರ್ಮ, ಸಿಂಬಳ, ಶ್ವಾಸನಾಳದ ಸೂಕ್ಷ್ಮ ರೋಮಗಳು ಇದರ ಹೊರಕೋಟೆ. ಅದನ್ನು ದಾಟಿ ಬಂದುದನ್ನು ಭಕ್ಷಕಕೋಶಗಳು ನುಂಗಿ ಕರಗಿಸುತ್ತವೆ. ಈ ಕಾರ್ಯವನ್ನು ವಿವರಿಸಿದ ಮೆಚ್ನಿಕಾಫ್ ಅವರಿಗೆ 1908ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಎರಡನೆಯದು ದೇಹವು ಕಲಿತ ರಕ್ಷಣೆ. ಬಿ ಕೋಶಗಳು ಆಗಂತುಕ ವಸ್ತುವಿನ ಗುರುತು ಹಿಡಿದು ಪ್ರತಿಕಾಯಗಳನ್ನು ತಯಾರಿಸುತ್ತವೆ. ಟಿ ಕೋಶಗಳು ಭಕ್ಷಕಕೋಶಗಳನ್ನು ಹುರಿದುಂಬಿಸುತ್ತವೆ. ಕೆಲವು ಸ್ಮೃತಿಕೋಶಗಳಾಗಿ ಉಳಿದು ಶತ್ರುವನ್ನು ನೆನಪಿಡುತ್ತವೆ.

ಕ್ಷಯದ ರೋಗಾಣು ಬಲು ಕಪಟಿ. ತನ್ನನ್ನು ನುಂಗಿದ ಭಕ್ಷಕಕೋಶದೊಳಗೇ ಅದು ಬಿಡಾರ ಹೂಡಬಲ್ಲದು. ಟಿ ಕೋಶಗಳ ನೆರವು ಬಂದಾಗಲೇ ಅದು ಹತೋಟಿಗೆ ಬರುತ್ತದೆ. ಆ ನೆನಪನ್ನು ಮೊದಲೇ ಮೂಡಿಸುವುದು ಬಿ.ಸಿ.ಜಿ. ಲಸಿಕೆಯ ಉದ್ದೇಶ. ನಮ್ಮ ಶ್ರೀನಿವಾಸಪುರದ ನೆರೆಯ ಮದನಪಲ್ಲಿಯಲ್ಲಿ 1948ರಲ್ಲಿಯೇ ಈ ಲಸಿಕೆಯನ್ನು ಪ್ರಾಯೋಗಿಕವಾಗಿ ಹಾಕಲಾಯಿತು. ಅದು ಮಕ್ಕಳನ್ನು ಕ್ಷಯದ ಉಗ್ರ ರೂಪಗಳಿಂದ ಕಾಯುತ್ತದೆ. ಆದರೆ ತೋಳಿನ ಆ ಕಲೆ ವಯಸ್ಕರ ಶ್ವಾಸಕೋಶಕ್ಕೆ ಜೀವಮಾನದ ಅಭಯಪತ್ರವಲ್ಲ.

ಕಾವಲುಗಾರನೇ ಸತ್ತರೆ ಏನಾದೀತು? ಉತ್ತರ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿದೆ. 1880ರ ದಶಕದಿಂದ 2001ರವರೆಗೆ ಅಲ್ಲಿ ಬೆಣಚುಕಲ್ಲನ್ನು ಕೊರೆದು ಚಿನ್ನ ತೆಗೆದರು. ಆ ಕಲ್ಲಿನ ನಯವಾದ ಸಿಲಿಕಾ ಧೂಳನ್ನು ಭಕ್ಷಕಕೋಶ ನುಂಗುತ್ತದೆ, ಕರಗಿಸಲಾರದೆ ತಾನೇ ಸಾಯುತ್ತದೆ. ಹೊರಬಿದ್ದ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ. ಅದಕ್ಕೂ ಅದೇ ಗತಿ. ಶ್ವಾಸಕೋಶ ಗಂಟುಗಟ್ಟುತ್ತದೆ. ಇದೇ ಸಿಲಿಕೋಸಿಸ್. ಕಾವಲು ಕುಸಿದ ಆ ಎದೆಗೂಡಿನಲ್ಲಿ ಕ್ಷಯವು ಸುಲಭವಾಗಿ ನೆಲೆಸುತ್ತದೆ.

ಗಣಿ ಮುಚ್ಚಿತು; ಧೂಳು ಮುಚ್ಚಲಿಲ್ಲ. ಮಾಲೂರು, ಟೇಕಲ್ಲು, ಮುಳಬಾಗಿಲು ಕಡೆಗಳಲ್ಲಿ ಬಂಡೆ ಒಡೆಯುವ, ಜಲ್ಲಿ ಯಂತ್ರ ನಡೆಸುವ ಶಿಷ್ಯರು ನನಗಿದ್ದಾರೆ. ಗ್ರಾನೈಟ್‌ನಲ್ಲಿಯೂ ಬೆಣಚು ಇದೆ. ಸಿಲಿಕೋಸಿಸ್ ಬಂದ ಮೇಲೆ ಅದನ್ನು ಗುಣಪಡಿಸುವ ಔಷಧವಿಲ್ಲ. ಯಾವ ಕಷಾಯವೂ ಆ ಕಣವನ್ನು ಕರಗಿಸದು. ಕೊರೆಯುವಾಗ ನೀರು ಹಾಯಿಸಿ ಧೂಳನ್ನು ಅಡಗಿಸಿರಿ. ಮುಖಕ್ಕೆ ಸುತ್ತಿದ ಟವೆಲ್ಲನ್ನು ನಂಬಬೇಡಿ. ಸೂಕ್ಷ್ಮ ಕಣ ತಡೆಯುವ ಮುಖಗವಸು ತೊಡಿರಿ. ಕೆಮ್ಮು ಎರಡು ವಾರ ಮೀರಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿರಿ, ಅದು ಉಚಿತ. ಕ್ಷಯವೆಂದು ತಿಳಿದರೆ ಔಷಧವನ್ನು ನಡುವೆ ಬಿಡಬೇಡಿ.

ಮಕ್ಕಳೇ, ಕೂಲಿ ನಾಳೆಯೂ ಸಿಕ್ಕೀತು. ಕೆಟ್ಟ ಶ್ವಾಸಕೋಶ ಮರಳಿ ಬಾರದು.